ಬರ್ತೀನವಾ

ಹುಬ್ಬಳ್ಳಿ ಬೆಳೆಯುತ್ತ ಬೆಳೆಯುತ್ತ ಬೆಳಗಾವಿಯನ್ನೇ ಮುಟ್ಟಿತು, ಕಳ್ಳಕಾಕರೂ ಹೆಚ್ಚಿದರು, ಜನ ಕಾಣೆಯಾಗುವುದೂ ಹೆಚ್ಚಿತು. ಅದಕ್ಕೇ ಈಗ ಪ್ರತಿ ಮನೆಯ ಬಾಗಿಲೂ ಬಂದುಹೋಗುವವರ ಮಾತು ಕೇಳಿಸಿಕೊಂಡು, ಬರುತ್ತೇನೆಂದವರು ಬಾರದಿದ್ದರೆ ಠಾಣೆಗೆ ದೂರು ಕೊಡುತ್ತದೆ.

ಗೌರವ್ವನ ಬಾಗಿಲು ಆ ಸಂಜೆಯೂ ದೂರು ಕೊಟ್ಟಿತು. ಬೀಟಿಗೆ ಹೊಸಬನಾದ ಪೊಲೀಸ್ ಮಡಿವಾಳಪ್ಪ ಬಂದ.

"ಅಮ್ಮಾರ, ಬಾಜೂ ಮನಿ ನೀಲವ್ವ ಮೂರು ವರ್ಷದಿಂದ ಬಂದಿಲ್ಲಂತ. ಎಲ್ಲಿ ಹೋದ್ರು?"

ಹೆಪ್ಪಿಗೆ ಮೊಸರು ಕೇಳಲು ಬಂದು, ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊಸ್ತಿಲಲ್ಲೇ ಅರ್ಧ ತಾಸು ಹರಟುತ್ತಿದ್ದ ಗೆಳತಿ ನೀಲವ್ವ ಗೌರವ್ವನ ಕಣ್ಣ ಮುಂದೆ ಬಂದಳು.

"ತೀರಿಕೊಂಡ್ಲಪಾ. ಹೊಂಟಾಗ 'ಹೋಗ್ತೀನಿ' ಅನಬಾರದಲ್ಲ, ಅದಕ್ಕ 'ಬರ್ತೀನವಾ' ಅಂದಿದ್ಲು."

"ಹಂಗಾದ್ರ ಈ ಬಾಗಲದಾಗಿಂದ ಅವರ ಹೆಸರು ಅಳಿಸಿಬಿಡ್ಲೇನ್ರಿ?"

ಗೌರವ್ವ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ ತಮ್ಮಾ. ಇಷ್ಟು ದೊಡ್ಡ ಊರಾಗ ಆಕೀ ದಾರಿ ಕಾಯೋರು ನಾನು ಮತ್ತ ಈ ಬಾಗಲಾ, ಇಬ್ಬರ."