ಆಚಾರ್ರ ಬಲಗೈ

ಆಡಿಟ್‌ಗೆ ಎರಡೇ ದಿನ ಉಳಿದಿತ್ತು. ಬಾಯ್ಲರ್ ಕಾರ್ಖಾನೆಯ ಕ್ವಾಲಿಟಿ ವಿಭಾಗದ ದಾಕ್ಷಾಯಣಿ ಮೂಗಿಗೆ ಸೆರಗೊತ್ತಿಕೊಂಡು, ಫ್ರಿಜ್ಜಿನಿಂದ ವೀರಭದ್ರಾಚಾರ್ರ ಬಲಗೈಯನ್ನು ತೆಗೆದಳು. ಆಚಾರ್ರು ಸತ್ತು ಎರಡು ವರ್ಷವಾಗಿತ್ತು. ಕೈ ಮಾತ್ರ ಇನ್ನೂ ನೌಕರಿಯಲ್ಲಿತ್ತು. ಆರು ತಿಂಗಳಿಗೊಮ್ಮೆ ಅದು ವೆಲ್ಡಿಂಗ್ ಪರೀಕ್ಷೆ ಪಾಸಾಗಬೇಕು. ಫೇಲಾದ ಕೈಯನ್ನು ಮನೆಯವರಿಗೆ ಒಪ್ಪಿಸಬೇಕೆಂಬುದು ನಿಯಮ.

ಸ್ಟ್ಯಾಂಡಿಗೆ ಸಿಕ್ಕಿಸಿ, ತಂತಿ ಜೋಡಿಸಿ, ಬೆರಳುಗಳಿಗೆ ವೆಲ್ಡಿಂಗ್ ಹೋಲ್ಡರ್ ಕೊಟ್ಟಳು. ಕೈ ಕಿಡಿ ಹೊತ್ತಿಸುವ ಬದಲು ಮೇಲೆದ್ದು ಗಾಳಿಯಲ್ಲಿ ತಡಕಾಡಿತು.

"ಕೆಟ್ಟೋಯ್ತೇನಮ್ಮ?" ವಡೆ ಮೆಲ್ಲುತ್ತ ಬಂದ ಮ್ಯಾನೇಜರ್ ಚನ್ನಕೇಶವ ಕೇಳಿದ.

"ಇಲ್ಲ ಸಾರ್. ಆಚಾರ್ರು ಹೋಲ್ಡರ್ ಕಣ್ಣಿಗೊತ್ಕೊಳ್ದೆ ಕೆಲಸ ಶುರು ಮಾಡ್ತಿರ್ಲಿಲ್ಲ. ಕೈ ಕಣ್ಣು ಹುಡುಕ್ತಿದೆ."

"ಥೂ, ಹೆಣಕ್ಕೆಂಥ ಭಕ್ತಿ! ಆ ಚಾಳಿ ಬಿಡಿಸು." ಎಣ್ಣೆ ಬೆರಳುಗಳನ್ನು ಆ ಕೈಗೇ ಒರೆಸಿ ಅವನು ಹೊರಟುಹೋದ.

ದಾಕ್ಷಾಯಣಿ ಎಣ್ಣೆಯನ್ನು ಸೆರಗಿನಿಂದ ಒರೆಸಿ, ಬಾಗಿ, ತನ್ನ ಕಣ್ಣುಗಳನ್ನೇ ಆ ಕೈಗೆ ಒಡ್ಡಿದಳು. ಹೋಲ್ಡರ್ ಎರಡೂ ರೆಪ್ಪೆಗಳನ್ನು ಮೆತ್ತಗೆ ಮುಟ್ಟಿತು. ಅವಳು ಹಿಂದೆ ಸರಿದೊಡನೆ ಕಿಡಿ ಹೊತ್ತಿತು.

ಬೆಸುಗೆಯಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ. ಅವಳು ರಿಜಿಸ್ಟರಿನಲ್ಲಿ 'ಫೇಲ್' ಎಂದು ದಪ್ಪಗೆ ಬರೆದು, ಆಚಾರ್ರ ಹೆಂಡತಿಗೆ ಫೋನ್ ಮಾಡಿದಳು.

"ಬನ್ನಿ ಅಮ್ಮಾ, ಯಜಮಾನ್ರನ್ನ ಮನೆಗೆ ಕರ್ಕೊಂಡ್ಹೋಗಿ."