ಅಳಿಸಿದ ಒಂದು ಸಾಲು

"ಏನ್ ತಾಯಿ, ಈ ಸಾಲು ಯಾಕೆ ಇಲ್ಲಿ?" ಗೋಯ್ಕೊ ಪೆನ್ನಿನಿಂದ ಪರದೆಗೆ ಕುಟ್ಟಿದ.

ಬಿಲ್ಯಾನಾ ಕುರ್ಚಿಯಿಂದ ಏಳಲಿಲ್ಲ. ಸರ್ಬಿಯಾದ ನೋವಿ ಸಾದ್ ನಗರದ ಆ ಸಾಫ್ಟ್‌ವೇರ್ ಕಚೇರಿಗೆ ಅವನು ಮುಖ್ಯಸ್ಥನಾಗಿ ಬಂದ ದಿನದಿಂದಲೂ ಇಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಇಂದು ಸಂಜೆ ಒಬ್ಬರ ಕೆಲಸ ಹೋಗಬೇಕಿತ್ತು. ನೂರಕ್ಕೆ ಇಷ್ಟು ಎಂದು ಎಲ್ಲರಿಗೂ ಅಂಕ ಕೊಟ್ಟವನು ಗೋಯ್ಕೊ. ಆ ಅಂಕಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ಮೊದಲು ಬಂದ ಹೆಸರಿಗೆ ವಜಾಪತ್ರ ಕಳುಹಿಸುವ ಪ್ರೋಗ್ರಾಂ ಬರೆಯಲು ಬೇಕೆಂದೇ ಬಿಲ್ಯಾನಾಳಿಗೆ ಹೇಳಿದ್ದ. ಅವಳ ಬೆರಳಿನಿಂದಲೇ ಅವಳ ಕಣ್ಣು ಚುಚ್ಚುವ ಆಸೆ. ಅವಳಿಗೆ ಕೊಟ್ಟದ್ದು ಒಂಬತ್ತು. ಉಳಿದವರಿಗೆ ಐವತ್ತರಿಂದ ಎಂಬತ್ತು. ತನಗೆ ತಾನೇ ಪೂರ್ತಿ ನೂರು. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರವೂ ಸುಳಿದಿರಲಿಲ್ಲ.

"ಎರಡು ಅಂಕಿ ಹೋಲಿಸಿ, ಚಿಕ್ಕದು ಮೊದಲು ಅಂತ ಹೇಳೋ ಸಾಲು ಅದು," ಎಂದಳು. "ಅದಿಲ್ದಿದ್ರೆ ಸರಿಯಾಗಿ ಜೋಡ್ಸಲ್ಲ."

"ನಾನೂ ಹತ್ತು ವರ್ಷ ಕೋಡ್ ಬರ್ದೋನೇ. ನಾವು ಬರೀತಿದ್ದ ಭಾಷೇಲಿ ಅದಕ್ಕೇ ಗೊತ್ತಿರ್ತಿತ್ತು. ಕಂಪ್ಯೂಟರ್‌ಗೂ ಒಂದು ಎರಡು ಕಲಿಸ್ತೀಯಾ?"

"ಈ ಭಾಷೇಲಿ ಕಲಿಸ್ಲೇಬೇಕು."

"ಉಳ್ಕೊಳ್ಳೋಕೆ ಏನೋ ಕಿತಾಪತಿ ಮಾಡಿದೀಯ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಪಕ್ಕದ ಮೇಜಿನ ಜೋರಿತ್ಸಾ ಬುರೆಕ್ ತಿಂಡಿ ಜಗಿಯುವುದನ್ನು ನಿಲ್ಲಿಸಿದಳು. "ಬಿಟ್ಬಿಡೇ ಬಿಲ್ಯಾನಾ," ಎಂದಳು ಮೆಲ್ಲಗೆ.

ಗೋಯ್ಕೊ ಬಗ್ಗಿ, ತನ್ನ ಕೈಯಾರೆ ಆ ಸಾಲನ್ನು ಅಳಿಸಿದ. 'ಪರಿಶೀಲಿಸಿದವರು' ಎಂಬಲ್ಲಿ ತನ್ನ ಹೆಸರು ಒತ್ತಿದ. "ಐದು ಗಂಟೆಗೆ ಪ್ರೋಗ್ರಾಂ ಓಡುತ್ತೆ. ಮಾಲೀಕರಿಗೂ ಒಂದು ಪ್ರತಿ ಹೋಗುತ್ತೆ. ನಿನ್ನ ಗಂಟುಮೂಟೆ ಕಟ್ಕೋ."

ಬಿಲ್ಯಾನಾಳಿಗೆ ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷ ದುಡಿದ ಜಾಗ. ಇನ್ನೊಂದು ಸಲ ಹೇಳಲು ಬಾಯಿ ತೆರೆದಳು. ಪರದೆಯ ಮೇಲಿನ ಅಂಕಗಳ ಕಡೆ ನೋಡಿದಳು. ಬಾಯಿ ಮುಚ್ಚಿಕೊಂಡಳು.

ಐದಾಯಿತು. ಯಾರದೋ ಫೋನು ಟಿಂಗೆಂದಿತು. ಬಿಲ್ಯಾನಾಳ ಮೇಜಿನ ಕಡೆ ನೋಡಲು ಯಾರಿಗೂ ಧೈರ್ಯವಿರಲಿಲ್ಲ.

"ಇದು ಹೇಗೆ ಸಾಧ್ಯ?" ಗೋಯ್ಕೊನ ದನಿ ಕೀರಲಾಗಿತ್ತು.

"ಹೋಲಿಸೋ ಸಾಲು ತೆಗೆದ್ರೆ ಅದು ಅಂಕೀನ ನಿಘಂಟಿನ ಪದದ ಥರ ಜೋಡಿಸುತ್ತೆ," ಎಂದಳು ಬಿಲ್ಯಾನಾ. "ಎಷ್ಟು ದೊಡ್ಡದು ಅಂತ ನೋಡಲ್ಲ, ಮೊದಲ ಅಂಕಿ ಯಾವುದು ಅಂತ ನೋಡುತ್ತೆ. ಒಂಬತ್ತು ಕೊನೇಗೆ ಹೋಯ್ತು. ಒಂದರಿಂದ ಶುರುವಾಗೋದು ನಿಮ್ಮ ನೂರು ಒಂದೇ."

ಗೋಯ್ಕೊ ತನ್ನ ವಜಾಪತ್ರವನ್ನು ಮತ್ತೆ ಓದುವಷ್ಟರಲ್ಲಿ ಮಾಲೀಕರ ಉತ್ತರವೂ ಬಂತು: "ಸಂತೋಷದಿಂದ ಒಪ್ಪಿದ್ದೇವೆ."