ಗೋಡೆಯಲ್ಲಿ ಹನ್ನೊಂದು ಸ್ವಿಚ್ಚು

ಬಣ್ಣ ಬಳಿದು ಮೂರು ದಿನವೂ ಆಗದ ಗೋಡೆಯನ್ನು ಎಲೆಕ್ಟ್ರಿಷಿಯನ್ ಹುಡುಗಿ ಕೊರೆಯುತ್ತಿದ್ದಳು. ಎಡಗೈಯಲ್ಲಿ ಡ್ರಿಲ್ಲು, ಬಾಯಲ್ಲಿ ಪೆನ್ಸಿಲ್ಲು. ಹೊಳೆಯುವ ನೆಲದ ಮೇಲೆ ಸಿಮೆಂಟಿನ ಪುಡಿ ಗುಡ್ಡೆಯಾಗುತ್ತಿತ್ತು.

"ನಿಲ್ಸು! ಯಾರನ್ನ ಕೇಳಿ ಗೋಡೆ ಒಡೀತಿದೀಯಾ?" ಮನೆಯೊಡತಿ ಮೆಟ್ಟಿಲ ಮೇಲಿಂದಲೇ ಕೂಗಿದಳು.

ಹುಡುಗಿ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡಳು. ಮಾತಾಡುವ ಮುಂಚೆ ಎಡಹುಬ್ಬು ಮೇಲೇರಿತು. "ಸ್ವಿಚ್ಚಿಗೆ ಜಾಗ ಮಾಡ್ತಿದೀನಿ, ಮೇಡಂ. ಒಟ್ಟು ಹನ್ನೊಂದು."

"ಸ್ವಿಚ್ಚೇ ಬೇಡ ಅಂತ ತಾನೇ ಇಷ್ಟು ದುಡ್ಡು ಸುರೀತಿರೋದು!"

ಸುರಿದದ್ದು ಮೂರು ಲಕ್ಷ ಎಂಬತ್ತು ಸಾವಿರ. ಬರೀ ದೀಪಕ್ಕೆ. ಕಾಲಿಟ್ಟರೆ ಹೊತ್ತಿಕೊಳ್ಳುವ ಮೆಟ್ಟಿಲು, ಹೊತ್ತಿಗೆ ತಕ್ಕಂತೆ ಬಣ್ಣ ಬದಲಿಸುವ ಹಜಾರ. ಗಂಡ ಎಲ್ಲವನ್ನೂ ತಾನೇ ಆರಿಸಿದ್ದ. ಗೋಡೆಯ ಮೇಲೆ ಒಂದು ಸ್ವಿಚ್ಚೂ ಕಾಣಕೂಡದು, ಇಡೀ ಮನೆ ಅವನ ಫೋನಿನೊಳಗೆ ಇರಬೇಕು. ನನ್ನ ಫೋನಿಗೂ ಹಾಕಿಸಿ ಅಂದದ್ದಕ್ಕೆ ನಕ್ಕಿದ್ದ. "ನಿನಗ್ಯಾಕೆ ಆ ತಲೆನೋವು? ನಾನಿದ್ದೀನಲ್ಲ." ಅದನ್ನು ಅವಳು ಅಕ್ಕರೆ ಎಂದುಕೊಂಡಿದ್ದಳು. ಹಾಗೆ ಅಂದುಕೊಳ್ಳುವುದಕ್ಕೆ ಸ್ವಲ್ಪ ಕಷ್ಟಪಡಬೇಕಾಗಿತ್ತು, ಅಷ್ಟೆ. ಅವನದು ಎರಡನೆಯ ಮದುವೆ, ಅವಳದು ಮೂವತ್ತೈದಕ್ಕೆ ಕೂಡಿಬಂದ ಮೊದಲನೆಯದು. ಇಂಥ ಕಷ್ಟಗಳು ಅವಳಿಗೆ ರೂಢಿಯಾಗಿದ್ದವು.

"ಈ ಹನ್ನೊಂದಕ್ಕೆ ಎಷ್ಟು?"

"ಮೂವತ್ತೆರಡು ಸಾವಿರ. ಪ್ರತಿ ಡಬ್ಬಿಗೂ ಇನ್ನೊಂದು ತಂತಿ ಎಳೀಬೇಕು."

"ಎಸ್ಟಿಮೇಟಲ್ಲಿ ಆ ಸಾಲಿಗೆ ಅವರು ಆಗ್ಲೇ ಗೀಟು ಹೊಡೆದಿದ್ದಾರೆ."

"ಹೊಡೀತಾರೆ ಅಂತ ಗೊತ್ತಿತ್ತು."

ಮನೆಯೊಡತಿಗೆ ಮೈಯೆಲ್ಲ ಉರಿಯಿತು. ಬಿಲ್ಲು ಒಂದು ಕಾಸು ಏರಿದರೂ ನೀನೇ ಜವಾಬು ಕೊಡಬೇಕು ಎಂದು ಗಂಡ ಎಚ್ಚರಿಸಿದ್ದ. ಅವನಿಗೆ ಜವಾಬು ಕೊಡುವುದೆಂದರೆ ಏನೆಂದು ಈ ಬಜಾರಿಗೇನು ಗೊತ್ತು?

"ಹೆಣ್ಣುಮಗಳಿಗೆ ಈ ಕಸುಬು ಯಾವನು ಕಲಿಸಿದ್ನೋ!"

"ಯಾರೂ ಕಲಿಸಲಿಲ್ಲ. ನಮ್ಮನೇಲಿ ಆಗಾಗ ಫ್ಯೂಸ್ ಕಾಣೆಯಾಗೋದು. ಒಂಬತ್ತು ವರ್ಷಕ್ಕೇ ತಂತಿ ಕಟ್ಟೋಕೆ ಕೂತೆ." ಹುಡುಗಿ ಮತ್ತೆ ಡ್ರಿಲ್ಲು ಎತ್ತಿಕೊಂಡಳು.

ಇವಳನ್ನು ಕಳಿಸಿದ ದೀಪದಂಗಡಿಯ ಯಜಮಾನನಿಗೆ ಈಗಲೇ ಫೋನ್ ಮಾಡಿ ಓಡಿಸಬೇಕು. ಅಂದಹಾಗೆ ಆತನೇ ಮೊನ್ನೆ ಹೇಳಿದ್ದ: ಇಬ್ಬರು ಗಂಡಾಳುಗಳನ್ನು ಗೊತ್ತುಮಾಡಿದ್ದೆ, ವಿಳಾಸ ನೋಡಿದ ಮೇಲೆ ಈ ಮನೆ ನನಗೇ ಬೇಕು ಅಂತ ಇವಳು ಹಟ ಹಿಡಿದಳು.

ಯಾಕೆ?

ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಮನೆಯೊಡತಿ ಉಗ್ರಾಣಕ್ಕೆ ಹೋದಳು. ಕಿಟಕಿಯಿಲ್ಲದ ಕೋಣೆ. ನೆಲದ ತುಂಬ ಬಿಚ್ಚಿಟ್ಟ ಗಾಜಿನ ದೀಪಗಳು. ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ದೀಪ ಆರಿತು. ಕೈ ತಾನಾಗಿ ಗೋಡೆಯನ್ನು ತಡಕಿತು. ನುಣ್ಣಗಿನ ಗೋಡೆ, ಎಲ್ಲಿ ತಡಕಿದರೂ ನುಣ್ಣಗೆ. ಫೋನು ರಿಂಗಾಯಿತು.

"ಹೆಂಗೆ? ನೀನು ಉಗ್ರಾಣಕ್ಕೆ ಹೋದದ್ದು ಫೋನಲ್ಲಿ ಕಾಣ್ತು, ಆಫೀಸಿಂದಲೇ ಆರಿಸಿದೆ," ಗಂಡ ನಗುತ್ತಿದ್ದ.

"ಹಾಕಿ ಈಗ. ಕಾಲ ಕೆಳಗೆಲ್ಲ ಗಾಜಿದೆ."

"ಅಲ್ಲೇ ಇರು. ಎಷ್ಟು ಹೊತ್ತಿಗೆ ಅಳು ಬರುತ್ತೆ ನೋಡೋಣ." ಕರೆ ಕಡಿಯಿತು.

ಅವಳು ಅಲುಗದೆ ನಿಂತಳು. ಅಳಲಿಲ್ಲ, ಆದರೆ ಅಳು ಎಷ್ಟು ಹತ್ತಿರವಿದೆಯೆಂದು ತಿಳಿಯಿತು. ಫೋನಿನಲ್ಲಿ ಟಾರ್ಚ್ ಇದೆಯೆಂಬುದೂ ಹೊಳೆಯದಷ್ಟು ಹತ್ತಿರ. ಬಾಗಿಲು ತೆರೆದದ್ದು ಹುಡುಗಿ, ಹಣೆಯ ಮೇಲೆ ಪುಟ್ಟ ಟಾರ್ಚ್ ಕಟ್ಟಿಕೊಂಡು. ಗಾಜನ್ನು ಕಾಲಿನಿಂದ ಸರಿಸಿ ದಾರಿ ಮಾಡಿದಳು.

"ತಮಾಷೆಗೆ ಮಾಡಿದ್ರು," ಮನೆಯೊಡತಿ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಹೌದು. ಮೊದಮೊದಲು ತಮಾಷೇನೇ."

ಮೊದಮೊದಲು! ಮನೆಯೊಡತಿ ಅವಳನ್ನು ದಿಟ್ಟಿಸಿದಳು. ವಯಸ್ಸು ಇಪ್ಪತ್ತೆಂಟು ದಾಟಿರದು. ಗಟ್ಟಿ ಮೈ, ಚೆಲುವಾದ ಕತ್ತು. ಒಂದೊಂದೇ ನೆನಪಾಗತೊಡಗಿತು. ದಿನಾ ಬಂದ ಕೂಡಲೇ ಕೇಳುತ್ತಾಳೆ, ಸಾರ್ ಇವತ್ತು ಬರ್ತಾರಾ ಎಂದು. ಅವನ ಕಾರು ಬರುವ ಮೊದಲೇ ಚೀಲ ಕಟ್ಟುತ್ತಾಳೆ. ಮಲಗುವ ಕೋಣೆಗೆ, ಯಾರೂ ಹೇಳದೆಯೇ, ಹಳದಿ ದೀಪ ಹಾಕಿದ್ದಾಳೆ. ಬಿಳಿ ಬೆಳಕಿಗೆ ಅವನ ತಲೆ ಸಿಡಿಯುವುದು ಹಾಸಿಗೆಯವರೆಗೆ ಬಂದವರಿಗಲ್ಲದೆ ಇನ್ಯಾರಿಗೆ ಗೊತ್ತಾದೀತು? ಮತ್ತೆ ಆ ಎಡಹುಬ್ಬು! ಅದು ಅವನದೇ ಚಾಳಿ. ಒಂದೇ ಸೂರಿನಡಿ ಬಹಳ ಕಾಲ ಇದ್ದವರಿಗೆ ಮಾತ್ರ ಅಂಟುವಂಥದ್ದು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದೆ. ಅದೂ ತನ್ನ ಅಡುಗೆಮನೆಯಲ್ಲೇ.

"ಗೋಡೆ ಮುಚ್ಚಿ ಹೊರಡು. ಒಂದು ಕಾಸೂ ಕೊಡಲ್ಲ."

"ಕೊಡ್ಬೇಡಿ. ಮೂವತ್ತೆರಡೂ ನಾನೇ ಹಾಕ್ಕೋತೀನಿ, ಬಿಲ್ಲಲ್ಲಿ ಬರಲ್ಲ. ಸ್ವಿಚ್ಚು ಬೀರು ಹಿಂದೆ, ಬಾಗಿಲ ಸಂದೀಲಿ ಕೂರಿಸ್ತೀನಿ. ಅವರ ಕಣ್ಣಿಗೆ ಬೀಳಲ್ಲ."

"ನನ್ನ ಮನೆ ಗೋಡೆಗೆ ನೀನ್ಯಾಕೆ ದುಡ್ಡು ಹಾಕ್ತೀಯಾ? ಯಾವ ಋಣಕ್ಕೆ?"

ಹುಡುಗಿ ಗೋಡೆಯೊಳಗಿಂದ ತಂತಿಯ ತುದಿ ಎಳೆದು, ಸುಲಿದು, ತಿರುಚುತ್ತಿದ್ದಳು. ಮನೆಯೊಡತಿಗೆ ಅದೇ ಒಪ್ಪಿಗೆಯಂತೆ ಕಂಡಿತು.

"ಮರ್ಯಾದೆ ಬಿಟ್ಟು ಕೇಳ್ತಿದೀನಿ, ಮರ್ಯಾದೆ ಬಿಟ್ಟೇ ಹೇಳು. ನನ್ನ ಗಂಡನ ಜೊತೆ ಎಷ್ಟು ದಿನ ಇದ್ದೆ?"

ಹುಡುಗಿ ಹಣೆಯ ಟಾರ್ಚ್ ಆರಿಸಿದಳು.

"ಹದಿನಾರು ವರ್ಷ. ಆಮೇಲೆ ಅಮ್ಮನ್ನ ಕರ್ಕೊಂಡು ಓಡಿಬಂದೆ."